ಗರಗಸದ ಮನೆಯ ಬೆಕ್ಕಿನ ಮರಿ

ಬಡಗಿಯಕ್ಕನನ್ನು ನಾನು ಮೊದಲು ನೋಡಿದ್ದು ಬಾಡಿಗೆಗೆ ಕೋಣೆ ಕೇಳಲು ಹೋದ ದಿನ. ಬೀದಿಗೆ ಮುಖ ಮಾಡಿದ್ದ ಮರಗೆಲಸದ ಶೆಡ್ಡಿನ ಶಟರ್ ಅರ್ಧ ಎತ್ತಿತ್ತು. ಅದರ ಪಕ್ಕದಲ್ಲಿ ಒಂದು ಓಣಿ. ಒಬ್ಬರು ಎದುರು ಬಂದರೆ ಇನ್ನೊಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು, ಅಷ್ಟು ಕಿರಿದು. ಓಣಿ ಮುಗಿಯುವಲ್ಲಿ ಉದ್ದನೆಯ ನಡುಮನೆ, ಅದರಾಚೆ ಅಡುಗೆಮನೆ. ನಾನು ನಡುಮನೆಯ ಬಾಗಿಲಲ್ಲಿ ನಿಂತು "ಯಾರಿದ್ದೀರಿ?" ಎಂದು ಕೂಗಿದೆ. ಗೋಡೆಯಾಚೆ ಶೆಡ್ಡಿನಲ್ಲಿ ಗರಗಸದ ಮಿಷನ್ ಕಿರುಚುತ್ತಿತ್ತು. ನನ್ನ ದನಿ ನನಗೇ ಕೇಳಲಿಲ್ಲ.

ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದ ಹೆಂಗಸು ನನ್ನನ್ನು ನೋಡಿದರು. ನೋಡಿದವರೇ ಖಾಲಿ ಇದ್ದ ಕೈಯೆತ್ತಿ, ಅಲ್ಲೇ ನಿಲ್ಲು ಎನ್ನುವಂತೆ ತಡೆದರು. ಆಮೇಲೆ ನಾನೊಬ್ಬಳು ಬಂದಿದ್ದೇನೆ ಎನ್ನುವುದನ್ನೇ ಮರೆತವರಂತೆ ತಲೆಯನ್ನು ಗೋಡೆಯ ಕಡೆ ಓರೆ ಮಾಡಿದರು. ಸೌಟಿನಿಂದ ಹನಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ಅದರ ಪರಿವೆಯೂ ಇರಲಿಲ್ಲ. ಕಿರುಚಾಟ ಇಳಿದು ಬರೀ ಗುಂಯ್‌ಗುಡುವ ಸದ್ದಾಯಿತು. ಗೋಡೆಯಾಚೆ ಟಕ್ ಎಂದು ಏನೋ ಬಿತ್ತು. ಗುಂಯ್ ಸದ್ದೂ ಸಣ್ಣಗಾಗುತ್ತ ನಿಂತಿತು. ಆಗ ಅವರ ಭುಜ ಕೆಳಗಿಳಿಯಿತು.

"ಹ್ಞಾ, ಈಗ ಹೇಳಿ," ಅಂದರು.

ಇವರಿಗೆ ಕಿವಿ ಮಂದ ಇರಬೇಕು, ಇಲ್ಲವೇ ಜಂಬ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಹುಬ್ಬಿನ ಮೇಲೆಲ್ಲ ಮರದ ಪುಡಿ ಮೆತ್ತಿಕೊಂಡ ಬಡಗಿ ಶೆಡ್ಡಿನ ಒಳಬಾಗಿಲಿಂದ ಬಂದರು.

"ಕೋಣೆ ನೋಡೋಕೆ ಬಂದ್ರಾ ಮೇಡಂ? ನೀರಿದೆ, ಗಾಳಿ ಇದೆ, ಬೆಳಕಿದೆ. ನೆಮ್ಮದಿ ಒಂದು ಇಲ್ಲ ನೋಡಿ."

"ನೆಮ್ಮದಿ ಕೆಡಿಸೋರು ಯಾರಂತೆ?" ಹೆಂಡತಿ ಕೇಳಿದರು.

"ಮಿಷನ್ನು."

"ಹೌದೌದು. ನೀವು ಪಾಪ, ಪಕ್ಕದಲ್ಲಿ ಕೂತು ಜಪ ಮಾಡ್ತಿರ್ತೀರಿ."

ನಾನು ಮಹಡಿಯ ಕೋಣೆ ಹಿಡಿದೆ. ಅಕ್ಕ ಎಂದು ಕರೆಯುವ ರೂಢಿಯಾದ ಮೇಲೆ ಅವರ ಗಂಡ ನನಗೆ ಭಾವನಾದರು. ಇಬ್ಬರೇ ಇರುವ ಮನೆ. ಭಾವ ಶೆಡ್ಡಿನಲ್ಲಿ, ಅಕ್ಕ ಒಳಗೆ. ಬೀದಿಯವರೆಲ್ಲ ಅವರನ್ನು ಬಡಗಿಯಕ್ಕ ಎಂದೇ ಕರೆಯುತ್ತಿದ್ದರು. ಅಕ್ಕ ಹೆದರಿಕೆಯ ಹೆಂಗಸು ಎನ್ನುವುದು ಬೀದಿಗೆಲ್ಲ ಗೊತ್ತಿತ್ತು. ಹಲ್ಲಿ ಬಿದ್ದರೆ ಹೌಹಾರುತ್ತಾರೆ, ಬಾಗಿಲು ಧಡ್ ಎಂದರೆ ಎದೆ ಹಿಡಿದುಕೊಳ್ಳುತ್ತಾರೆ ಎಂದು ಆಡಿಕೊಳ್ಳುತ್ತಿದ್ದರು. ಗರಗಸದ ವಿಷಯ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಒಂದು ದಿನ ಬಟ್ಟೆ ಮಡಚುತ್ತ ಕೂತಿದ್ದಾಗ ಅವರೇ ಹೇಳಿದರು.

ಅಕ್ಕನ ತಂದೆ ಮರ ಕೊಯ್ಯುವ ಮಿಲ್ಲಿನಲ್ಲಿದ್ದರು. ಕರೆಂಟು ಹೋದಾಗ, ಬ್ಲೇಡಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಚೂರು ತೆಗೆಯಲು ಕೈ ಹಾಕಿದರು. ಸ್ವಿಚ್ಚಿನ ಹಿಡಿಯನ್ನು ಕೆಳಗಿಳಿಸಲು ಮರೆತಿದ್ದರು. ಕರೆಂಟು ಬಂತು. ಊಟದ ಡಬ್ಬಿ ಹಿಡಿದು ಮಿಲ್ಲಿನ ಗೇಟಿನಲ್ಲಿ ನಿಂತಿದ್ದ ಹುಡುಗಿಗೆ ಆ ಕೂಗು ಕೇಳಿಸಿತು.

"ಬಲಗೈ ಬೆರಳು ಹೋದ್ವು. ಆಮೇಲೆ ಅಂಗಿ ಗುಂಡಿ ಹಾಕಿಕೊಡೋಕೂ ನಾನೇ ಬೇಕಾಗಿತ್ತು," ಅಂದರು.

ಭಾವನ ಮಿಷನ್ನೂ ಅದೇ ಕಾಲದ್ದು. ಅದರ ಕಾಲಿನ ಮೇಲೆ ಕಬ್ಬಿಣದ ಹಿಡಿ ಇದೆ. ಮೇಲೆ ಎತ್ತಿದರೆ ಓಡುತ್ತದೆ, ಕೆಳಗೆ ಒತ್ತಿದರೆ ಟಕ್ ಎಂದು ನಿಲ್ಲುತ್ತದೆ. ಹಿಡಿ ಮೇಲಿದ್ದಾಗ ಕರೆಂಟು ಹೋದರೆ ಹಿಡಿ ಮೇಲೇ ಉಳಿಯುತ್ತದೆ. ಕರೆಂಟು ಬಂದ ಕ್ಷಣ ಬ್ಲೇಡು ತನ್ನಷ್ಟಕ್ಕೆ ತಾನೇ ತಿರುಗುತ್ತದೆ. ಆದ್ದರಿಂದ ಕರೆಂಟು ಹೋದ ಕೂಡಲೇ ಹಿಡಿ ಇಳಿಸಬೇಕು. ಆ ಟಕ್ ಸದ್ದಿಗಾಗಿ ಅಕ್ಕ ಮದುವೆಯಾದಂದಿನಿಂದ ಕಾಯುತ್ತ ಬಂದಿದ್ದರು. ಹಾಲು ಉಕ್ಕಲಿ, ಬಾಗಿಲಲ್ಲಿ ಯಾರೇ ನಿಲ್ಲಲಿ, ಮೊದಲು ಕಿವಿ ಅಲ್ಲಿಗೆ.

"ಭಾವನಿಗೆ ಹೇಳಿದ್ದೀರಾ?" ಎಂದು ಕೇಳಿದೆ.

"ಹೇಳಿದ್ರೆ ನಗ್ತಾರೆ. ನಕ್ಕರೆ ಪರವಾಗಿಲ್ಲ. ಮಿಷನ್ ಮುಂದೆ ನಿಂತಿರೋವಾಗ ನನ್ನ ನೆನಪು ಬಂದು ಕೈ ನಡುಗಿದ್ರೆ?"

ಇಂಥ ಮನೆಗೆ ಬೆಕ್ಕಿನ ಮರಿ ಬಂತು.

ಹಲಗೆ ತಂದ ಲಾರಿಯಲ್ಲಿ, ಹಲಗೆಗಳ ನಡುವಿನ ಸಂದಿಯಲ್ಲಿ ಅದು ಕೂತಿತ್ತು. ಬೂದುಬಣ್ಣ, ಬಾಲದ ತುದಿ ಮಾತ್ರ ಬಿಳಿ. ಲೋಡು ಇಳಿಸುವವರು ಅದನ್ನು ಕತ್ತು ಹಿಡಿದೆತ್ತಿ ಭಾವನ ಕೈಗಿತ್ತರು. ಭಾವ ನೇರ ಒಳಗೆ ಬಂದು ಅಕ್ಕನ ಮಡಿಲಿಗೆ ಇಳಿಸಿದರು.

"ತಗೋ, ಬಿಲ್ಲಿನಲ್ಲಿ ಇಲ್ಲದ ಮಾಲು."

"ಬೇಡ ಕಣ್ರೀ," ಅಂದರು ಅಕ್ಕ. "ನಿಮ್ಮೊಬ್ಬರಿಗೆ ಹೆದರಿ ಸಾಯ್ತಿರೋದು ಸಾಲದಾ? ಇನ್ನೊಂದು ಜೀವ ಯಾಕೆ?"

ಆದರೆ ಮಾತಾಡುತ್ತಲೇ ಅದರ ಕಿವಿಯಲ್ಲಿದ್ದ ಮರದ ಪುಡಿಯನ್ನು ಬಟ್ಟೆಯ ತುದಿಯಿಂದ ಒರೆಸತೊಡಗಿದ್ದರು. ಮರಿ ಅವರ ಹೆಬ್ಬೆರಳನ್ನು ಚೀಪುತ್ತ ನಿದ್ದೆ ಹೋಯಿತು. ಮರುದಿನದಿಂದ ಅದು ಹಲಗೆಯ ರಾಶಿಯ ಮೇಲೆ ಕೂತು ಎಲ್ಲರ ಕೆಲಸವನ್ನೂ ನೋಡುತ್ತಿತ್ತಾದ್ದರಿಂದ ಭಾವ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟರು.

ಮೇಸ್ತ್ರಿಗೆ ಒಂದು-ಎರಡರ ಶಿಸ್ತು ಇರಲಿಲ್ಲ. ಮಂಚದ ಕೆಳಗೆ, ಚಾಪೆಯ ಮೇಲೆ, ನನ್ನ ಚಪ್ಪಲಿಯಲ್ಲಿ, ಕೊನೆಗೆ ಭಾವನ ಬೂಟಿನಲ್ಲಿ.

"ಯಾವ ಕಾಲಿಂದು?" ಭಾವ ಬಾಗಿಲಿಂದ ಕೂಗಿದರು.

"ಎಡಗಾಲಿಂದು."

"ಬಲಗಾಲಿಗೆ ಬೇರೆ ಯಾವಾಗ ಬರುತ್ತಂತೆ, ಕೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ಓದಿದವಳು, ಶಾಲೆಯಲ್ಲಿ ಮಕ್ಕಳಿಗೆ ಕಲಿಸುವವಳು ನಾನು. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ನಾನು ಹುಟ್ಟಿ ಬೆಳೆದ ಹಳ್ಳಿಯಲ್ಲಿ ಬೆಕ್ಕಿಗೆ ಯಾರೂ ಏನೂ ಕಲಿಸುತ್ತಿರಲಿಲ್ಲ. ಹಿತ್ತಿಲಿತ್ತು, ಮಣ್ಣಿತ್ತು, ಅದು ಹೋಗಿ ಕೆರೆದು ಮುಚ್ಚಿ ಬರುತ್ತಿತ್ತು. ಇಲ್ಲಿ ಬಾಗಿಲಿಂದ ಬೀದಿಯವರೆಗೂ ಸಿಮೆಂಟು. ಶಾಲೆಯ ಗ್ರಂಥಾಲಯದಲ್ಲಿ ಸಾಕುಪ್ರಾಣಿಗಳ ಪುಸ್ತಕ ಸಿಕ್ಕಿತು. ಅದನ್ನು ತಂದು ಓದಿ ಹೇಳಿದೆ: ತಗ್ಗಾದ ಪೆಟ್ಟಿಗೆ ಬೇಕು. ಜನ ಓಡಾಡದ ಮೂಲೆಯಲ್ಲಿಡಬೇಕು. ಹೊಟ್ಟೆ ತುಂಬಿದ ಮೇಲೆ, ನಿದ್ದೆ ತಿಳಿದ ಮೇಲೆ ಮರಿಯನ್ನು ಅದರಲ್ಲಿ ಬಿಡಬೇಕು. ಬೇರೆಡೆ ಮಾಡಿದರೆ ಬೈಯಬಾರದು, ಮೂತಿ ಒತ್ತಿ ತೋರಿಸಬಾರದು. ಆ ಜಾಗವನ್ನು ವಾಸನೆ ಉಳಿಯದಂತೆ ತೊಳೆಯಬೇಕು.

ಭಾವ ಪೆಟ್ಟಿಗೆ ಮಾಡಿದರು. ಆ ಪೆಟ್ಟಿಗೆಯನ್ನು ನೋಡಬೇಕಿತ್ತು. ಮೂಲೆಗಳಲ್ಲಿ ಮೊಳೆಯಿಲ್ಲ, ಬೆರಳಿಗೆ ಬೆರಳು ಹೆಣೆದಂತೆ ಕೂಡಿಸಿದ ಜೋಡಣೆ. ಮರಿ ಹತ್ತಲು ಮುಂದಿನ ಅಂಚನ್ನು ತಗ್ಗಿಸಿ, ಹೊಟ್ಟೆಗೆ ತಾಗದಂತೆ ಉಜ್ಜಿ ನುಣುಪು ಮಾಡಿದ್ದರು.

"ಮಂತ್ರಿ ಮನೆಗೂ ಇಂಥ ಕೆಲಸ ಮಾಡಿಕೊಟ್ಟಿಲ್ಲ ನಾನು," ಅಂದರು.

ಒಳಗೆ ಏನು ತುಂಬುವುದು? ಪುಸ್ತಕದಲ್ಲಿ ಮರಳು ಎಂದಿತ್ತು. ಮರಳಿಗೆ ಮನೆ ಕಟ್ಟುವ ಕಡೆ ಹೋಗಿ ಕೇಳಿ ತರಬೇಕು. ಇಲ್ಲಿ ಶೆಡ್ಡಿನಲ್ಲಿ ಮರದ ಹೊಟ್ಟು ಮೂಟೆಗಟ್ಟಲೆ ಬಿದ್ದಿದೆ. ಮೆತ್ತಗಿದೆ, ಒದ್ದೆ ಹೀರುತ್ತದೆ, ವಾಸನೆಯನ್ನೂ ನುಂಗುತ್ತದೆ. ಅಕ್ಕ ಒಂದು ಬುಟ್ಟಿ ಹೊಟ್ಟು ತಂದು ಸುರಿದರು. ಬಡಗಿಯ ಮನೆಯಲ್ಲಿ ಬೇರೆ ಇನ್ನೇನು ಹೊಳೆದೀತು? ನನಗೂ ಸರಿ ಎನಿಸಿತು.

ಹಾಲು ಕುಡಿದ ಮರಿಯನ್ನು ಅಕ್ಕ ಪೆಟ್ಟಿಗೆಯಲ್ಲಿ ಬಿಟ್ಟು, ಅದರ ಮುಂಗಾಲು ಹಿಡಿದು ಹೊಟ್ಟನ್ನು ಮೆಲ್ಲಗೆ ಕೆರೆಸಿದರು. ಮರಿ ಮೂಸಿತು. ತಾನೇ ಕೆರೆಯಿತು. ಕೂತಿತು. ಮುಗಿಸಿ, ಗಂಭೀರವಾಗಿ ಮುಚ್ಚಿ, ಕಾಲು ಒದರಿ ಹೊರಬಂತು. ಆಮೇಲೆ ಒಂದು ಸಲವೂ ತಪ್ಪಲಿಲ್ಲ.

"ನೋಡಿದ್ರಾ ಮೇಡಂ, ಒಂದೇ ಸಲಕ್ಕೆ ಪಾಸು," ಭಾವ ಹಿಗ್ಗಿದರು. "ನಾನು ಮೂರನೇ ಕ್ಲಾಸಿಗೆ ಮೂರು ಸಲ ಕೂತವನು."

ಆ ಹಿಗ್ಗು ಹೆಚ್ಚು ಬಾಳಲಿಲ್ಲ. ಒಂದು ಬೆಳಗ್ಗೆ ಮರಿ ಕಾಣಲಿಲ್ಲ. ಮಂಚದ ಕೆಳಗಿಲ್ಲ, ಮಹಡಿಯಲ್ಲಿಲ್ಲ. ಶೆಡ್ಡಿನಲ್ಲಿ ಭಾವ ಆಗಷ್ಟೇ ಮಿಷನ್ನಿನ ಹಿಡಿಗೆ ಕೈಯಿಟ್ಟಿದ್ದರಂತೆ. ಕಾಲ ಬಳಿ ಏನೋ ಕೆರೆಯುವ ಸದ್ದು. ಬಗ್ಗಿ ನೋಡಿದರೆ ಮಿಷನ್ನಿನ ಹೊಟ್ಟೆಯೊಳಗೆ, ಬ್ಲೇಡಿನ ನೇರ ಕೆಳಗೆ ಬೀಳುವ ಹೊಟ್ಟಿನ ರಾಶಿಯಲ್ಲಿ ಮೇಸ್ತ್ರಿ ಕೂತಿದೆ. ಒಂದು ಕಡೆ ಬೆಲ್ಟು, ತಲೆಯ ಮೇಲೆ ಬ್ಲೇಡಿನ ಹಲ್ಲು.

ಭಾವ ಅದನ್ನೆತ್ತಿ ತಂದು ಅಡುಗೆಮನೆಯಲ್ಲಿ ಬಿಟ್ಟರು. ನಗಲಿಲ್ಲ. ಅವರು ನಗದಿದ್ದುದನ್ನು ಕಂಡು ಅಕ್ಕ ಸೌಟು ಕೆಳಗಿಟ್ಟರು.

"ಎಲ್ಲಿತ್ತು?"

ಹೇಳಿದರು. ಅಕ್ಕ ಮರಿಯನ್ನು ಮಡಿಲಿಗೆ ಎಳೆದುಕೊಂಡರು.

"ಅದರದೇನು ತಪ್ಪು? ನಾವೇ ಕಲಿಸಿದ್ದು," ಅಂದರು. "ಹೊಟ್ಟು ಎಲ್ಲಿದೆಯೋ ಅಲ್ಲಿ ಹೋಗು ಅಂತ ಕಾಲು ಹಿಡಿದು ಕಲಿಸಿದ್ದೀನಿ ನಾನು. ಪೆಟ್ಟಿಗೆಯಲ್ಲಿ ಹೊಟ್ಟು ಒಂದು ಬುಟ್ಟಿ ಇದೆ. ಅಲ್ಲಿ ಗುಡ್ಡ ಇದೆ."

ಪೆಟ್ಟಿಗೆಯ ಹೊಟ್ಟನ್ನು ಚೆಲ್ಲಿ ಮರಳು ತುಂಬಿದೆವು. ಮರಿ ಮರಳನ್ನು ಮುಟ್ಟಲಿಲ್ಲ. ಮೂಸಿ, ಮುಖ ತಿರುಗಿಸಿ, ಶೆಡ್ಡಿನ ಬಾಗಿಲ ಬಳಿ ಕೂತು ಗೋಳಾಡಿತು. ಇಡೀ ದಿನ ತಡೆದುಕೊಂಡಿತು. ಪಶುವೈದ್ಯರಲ್ಲಿಗೆ ಹೋದೆವು. ಒಮ್ಮೆಲೇ ಬದಲಿಸಬೇಡಿ, ಹೊಟ್ಟಿಗೇ ದಿನಕ್ಕೊಂದು ಹಿಡಿ ಮರಳು ಬೆರೆಸುತ್ತ ಹೋಗಿ, ಅದರ ಅರಿವಿಗೆ ಬಾರದಂತೆ ಮರಳು ಹೆಚ್ಚಲಿ, ಎಂದರು ಅವರು. ವಾರಗಟ್ಟಲೆ ಹಿಡಿಯುತ್ತದೆ ಎಂದೂ ಹೇಳಿದರು. ಅಲ್ಲಿಯವರೆಗೆ ಹೊಟ್ಟು ಎಲ್ಲಿದ್ದರೂ ಮರಿಗೆ ಅದೇ ಪೆಟ್ಟಿಗೆ.

ಶೆಡ್ಡಿನ ಬಾಗಿಲು ಮುಚ್ಚಬಹುದಿತ್ತು. ಮುಚ್ಚಲಾಗದ್ದು ಗೋಡೆಯ ಕಿಂಡಿ. ಶೆಡ್ಡು ಚಿಕ್ಕದು, ಉದ್ದನೆಯ ಹಲಗೆ ಕೊಯ್ಯುವಾಗ ಅದರ ಹಿಂಭಾಗಕ್ಕೆ ಜಾಗ ಸಾಲುವುದಿಲ್ಲ. ಅದಕ್ಕೆಂದು ಭಾವ ಶೆಡ್ಡಿಗೂ ನಡುಮನೆಗೂ ನಡುವಿನ ಗೋಡೆಯಲ್ಲಿ, ಮಿಷನ್ನಿನ ಮೇಜಿನ ಎತ್ತರಕ್ಕೆ, ಒಂದು ಕಿಂಡಿ ಒಡೆದಿದ್ದರು. ಹಲಗೆಯ ಬಾಲ ನಡುಮನೆಯಲ್ಲಿರುತ್ತದೆ, ತಲೆ ಬ್ಲೇಡಿನ ಕಡೆ ಹೋಗುತ್ತದೆ. ಮನುಷ್ಯರು ನುಸುಳಲಾಗದ ಕಿಂಡಿ. ಬೆಕ್ಕಿಗೆ ಅದು ಹೆದ್ದಾರಿ. ಉಳಿದ ಹೊತ್ತು ಅದಕ್ಕೊಂದು ತುಂಡು ಹಲಗೆ ಅಡ್ಡ ಇಡುತ್ತಿದ್ದರು. ಉದ್ದದ ಕೆಲಸವಿದ್ದಾಗ ತೆಗೆಯಲೇಬೇಕು.

ಅಕ್ಕ ಒಂದು ಕಟ್ಟಳೆ ಮಾಡಿದರು. ಹಿಡಿ ಎತ್ತುವ ಮೊದಲು ಭಾವ ಶೆಡ್ಡಿನಿಂದ "ಮೇಸ್ತ್ರಿ?" ಎಂದು ಕೂಗಬೇಕು. ಅಕ್ಕ ಮರಿಯನ್ನು ಬೆತ್ತದ ಬುಟ್ಟಿಯೊಳಗೆ ಹಾಕಿ, ಮುಚ್ಚಳದ ಮೇಲೆ ಕೈಯಿಟ್ಟು "ಇಲ್ಲಿದೆ!" ಎನ್ನಬೇಕು. ಉತ್ತರ ಬಾರದೆ ಮಿಷನ್ ಓಡುವಂತಿಲ್ಲ. ಕೆಲವೇ ದಿನಗಳಲ್ಲಿ ಇದು ಬೀದಿಗೆಲ್ಲ ಪಾಠವಾಯಿತು. ಎದುರಿನ ಚಹಾ ಅಂಗಡಿಯವನು ಸ್ಟೋವಿಗೆ ಬೆಂಕಿ ಹಚ್ಚುವ ಮೊದಲು "ಮೇಸ್ತ್ರಿ?" ಎಂದು ಕೂಗುವುದು, ಬೆಂಚಿನ ಮೇಲೆ ಕೂತವರು "ಇಲ್ಲಿದೆ!" ಎನ್ನುವುದು, ಎಲ್ಲರೂ ನಗುವುದು.

ಅಕ್ಕ ನಗುತ್ತಿರಲಿಲ್ಲ. ಮೊದಲು ಒಂದು ಸದ್ದಿಗೆ ಕಾಯುತ್ತಿದ್ದವರು ಈಗ ಎರಡಕ್ಕೆ ಕಾಯಬೇಕಿತ್ತು. ಊಟ ಸೇರುತ್ತಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಂತೆ ಮರಿಯ ಹಿಂದೆಯೇ ಸುತ್ತುತ್ತಿದ್ದರು. ಬುಟ್ಟಿಯಲ್ಲಿ ಮರಿ ಇದ್ದರೂ ಮುಚ್ಚಳ ಎತ್ತಿ ಮತ್ತೆ ನೋಡುತ್ತಿದ್ದರು.

"ಯಾರಿಗಾದ್ರೂ ಕೊಟ್ಟುಬಿಡೋಣ ಅಕ್ಕ," ಎಂದೆ ಒಮ್ಮೆ.

"ಯಾರಿಗೆ? ಹೊಟ್ಟು ಕಲಿತ ಬೆಕ್ಕು ಹೊಟ್ಟು ಹುಡುಕಿಕೊಂಡೇ ಹೋಗುತ್ತೆ. ಮೂಲೆ ಮೂಲೆಗೂ ಒಬ್ಬ ಬಡಗಿ ಇದ್ದಾನೆ. ಅಲ್ಲಿ 'ಮೇಸ್ತ್ರಿ' ಅಂತ ಯಾರು ಕೂಗ್ತಾರೆ?"

ಪೆಟ್ಟಿಗೆಯಲ್ಲಿ ಮರಳು ಅರ್ಧಕ್ಕೆ ಬಂದಿತ್ತು. ಮರಿ ಕೆರೆಯುವಾಗ ಸದ್ದು ಬದಲಾಗಿತ್ತು. ಆದರೂ ಕಿಂಡಿ ತೆರೆದಾಗಲೆಲ್ಲ ಅದರ ಕಿವಿ ನಿಮಿರುತ್ತಿತ್ತು.

ಅಂದು ಶಾಲೆಗೆ ರಜೆ. ನಾನು ನಡುಮನೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಭಾವ ಉದ್ದನೆಯ ಹಲಗೆ ಕೊಯ್ಯುತ್ತಿದ್ದರು. ಅದರ ಬಾಲ ಕಿಂಡಿಯಿಂದ ಹೊರಬಂದು ನನ್ನ ಪಕ್ಕದಲ್ಲೇ ಇಂಚಿಂಚಾಗಿ ಒಳಗೆ ಸರಿಯುತ್ತಿತ್ತು. ಮರಿ ಅಡುಗೆಮನೆಯ ಬುಟ್ಟಿಯಲ್ಲಿತ್ತು. ಇದ್ದಕ್ಕಿದ್ದಂತೆ ಫ್ಯಾನು ನಿಧಾನವಾಯಿತು, ಗರಗಸದ ದನಿ ಕುಗ್ಗಿ ಕುಗ್ಗಿ ಸತ್ತಿತು. ಹಲಗೆ ಅರ್ಧ ಕೊಯ್ದಲ್ಲೇ ನಿಂತಿತು.

"ಹೋಯ್ತಲ್ಲಪ್ಪ! ಹಲಗೆ ಬ್ಲೇಡಿಗೆ ಕಚ್ಕೊಂಡುಬಿಡ್ತು," ಭಾವ ಒಳಗಿಂದ ಗೊಣಗಿದರು. ಹಲಗೆ ಕಿರಗುಟ್ಟಿತು, ಬಿಡಿಸಲು ಅಲ್ಲಾಡಿಸುತ್ತಿದ್ದರು. ಬೀದಿಯಿಂದ ಯಾರೋ ಕರೆದರು. ಹೊಸ ಮನೆಯ ಬಾಗಿಲ ಅಳತೆಗೆ ಬರುತ್ತೇನೆ ಎಂದು ಭಾವ ಮಾತು ಕೊಟ್ಟಿದ್ದರು; ಆ ಮನೆಯವರು ಗಾಡಿ ತಂದಿದ್ದರು. "ಇದು ಹೀಗೇ ಇರಲಿ, ಕರೆಂಟು ಬಂದ ಮೇಲೆ ನೋಡ್ಕೋತೀನಿ. ಲೇ, ನಾನು ಅಳತೆಗೆ ಹೋಗಿ ಬರ್ತೀನಿ!" ಎಂದು ಕೂಗಿದರು. ಒಳಬಾಗಿಲಿಗೆ ಶೆಡ್ಡಿನ ಕಡೆಯಿಂದ ಚಿಲಕ ಬಿತ್ತು, ಶಟರ್ ಸರಸರ ಇಳಿಯಿತು, ಬೀಗದ ಸದ್ದಾಯಿತು, ಗಾಡಿ ಹೋಯಿತು.

ಆ ಗಡಿಬಿಡಿಯಲ್ಲಿ, ಮಿಷನ್ ನಿಂತಿದೆ, ಭಾವ ಹೋದರು ಎಂದು ಅಕ್ಕ ಬುಟ್ಟಿಯ ಮುಚ್ಚಳ ತೆಗೆದರು. ಮರಿ ಮೈ ಮುರಿದು ಹೊರಗೆ ಬಂತು. ಅಕ್ಕ ನನ್ನ ಬಳಿ ಕೂತು ಚಹಾ ಲೋಟ ಕೊಟ್ಟರು. ಏನೋ ಹೇಳಲು ಬಾಯಿ ತೆರೆದವರು ಅರ್ಧಕ್ಕೇ ತಡೆದರು.

"ಟಕ್ ಅಂತಾ?" ಅಂದರು.

"ಏನಕ್ಕ?"

"ಕರೆಂಟು ಹೋದ ಮೇಲೆ ಟಕ್ ಅಂತು ಅಲ್ವಾ? ನಿಂಗೆ ಕೇಳಿಸ್ತಾ?"

ನಾನು ಯೋಚಿಸಿದೆ. ಗೊಣಗಾಟ ಕೇಳಿಸಿತ್ತು. ಹಲಗೆಯ ಕಿರಗುಟ್ಟು, ಚಿಲಕ, ಶಟರ್ ಎಲ್ಲ ಕೇಳಿಸಿತ್ತು. ಅದೊಂದು ಇರಲಿಲ್ಲ.

ಅಕ್ಕ ಹಿಂದಕ್ಕೆ ನೋಡಿದರು. ಮರಿ ಎಲ್ಲೂ ಇರಲಿಲ್ಲ. ಹಲಗೆಯ ಮೇಲಿನ ಧೂಳಿನಲ್ಲಿ ಪುಟ್ಟ ಹೆಜ್ಜೆಗಳು ಕಿಂಡಿಯ ಕಡೆ ಹೋಗಿದ್ದವು.

ಕಿಂಡಿಗೆ ಕಣ್ಣಿಟ್ಟೆವು. ಮೇಲಿನ ಗಾಜಿನ ಹೆಂಚಿನಿಂದ ಬಿದ್ದ ಬೆಳಕಿನಲ್ಲಿ ಮಿಷನ್ ಕಾಣುತ್ತಿತ್ತು, ಹಲಗೆಯನ್ನು ಕಚ್ಚಿ ನಿಂತ ಬ್ಲೇಡು ಕಾಣುತ್ತಿತ್ತು. ಹಿಡಿ ಮೇಲೇ ಇತ್ತು. ಕೆಳಗಿನ ಕತ್ತಲಲ್ಲಿ ಹೊಟ್ಟು ಕೆರೆಯುವ ಸದ್ದು ಬಂತು.

"ಫ್ಯೂಸ್ ಕೀಳ್ತೀನಿ!" ಎಂದು ಎದ್ದೆ.

"ಫ್ಯೂಸ್ ಒಳಗಿದೆ. ಶಟರ್ ಪಕ್ಕ."

"ಬೀಗ ಒಡೆಸೋಣ. ಚಹಾ ಅಂಗಡಿಯವರನ್ನ ಕರೀತೀನಿ."

"ಅಷ್ಟರಲ್ಲಿ ಕರೆಂಟು ಬಂದ್ರೆ?"

ಕರೆಂಟು ಈಗ ಬರಬಹುದು, ಸಂಜೆಗೆ ಬರಬಹುದು. ಅಕ್ಕ "ಮೇಸ್ತ್ರಿ, ಬಾ, ಬಾ ಕಂದಾ," ಎಂದು ಕರೆದರು. ಕೆರೆಯುವ ಸದ್ದು ನಿಲ್ಲಲಿಲ್ಲ. ನಾನು ಕಿಂಡಿಯ ಎದುರಿಗೆ ಬಂದು ಹಲಗೆಯ ಮೇಲೆ ಕೈಯಿಟ್ಟೆ. ಅಕ್ಕ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು.

"ಹಲಗೆ ಮುಟ್ಟಬೇಡ! ಅದರ ನೇರಕ್ಕೆ ನಿಲ್ಲಬೇಡ! ಕಚ್ಕೊಂಡಿರೋವಾಗ ಬ್ಲೇಡು ತಿರುಗಿದ್ರೆ ಹಲಗೆನ ಹಿಂದಕ್ಕೆ ಒದೆಯುತ್ತೆ. ಎದೆಗೆ ಬೀಳುತ್ತೆ."

ಅದುವರೆಗೆ ಮರಿಗಾಗಿ ಮಾತ್ರ ಹೆದರಿದ್ದೆ.

ನಡುಮನೆಯ ಗೋಡೆಗೆ ಉದ್ದನೆಯ ತೆಳು ಮರದ ಪಟ್ಟಿಗಳನ್ನು ಒರಗಿಸಿಟ್ಟಿದ್ದರು. ಅಕ್ಕ ಅವುಗಳಲ್ಲಿ ಅತಿ ಉದ್ದದ್ದನ್ನು ಎಳೆದರು. ಹಲಗೆಗೂ ಕಿಂಡಿಯ ಅಂಚಿಗೂ ನಡುವಿನ ಸಂದಿಯಲ್ಲಿ ಅದನ್ನು ತೂರಿಸಿದರು. ಗೋಡೆಗೆ ಮೈ ಅಂಟಿಸಿ, ಒಂದು ಕಣ್ಣಷ್ಟೇ ಕಿಂಡಿಗೆ ಕೊಟ್ಟು, ಪಟ್ಟಿಯನ್ನು ಹಿಡಿಯ ಕಡೆ ಚಾಚಿದರು. ಪಟ್ಟಿ ಉದ್ದವಾದಷ್ಟೂ ತುದಿ ಜೋಲುತ್ತಿತ್ತು. "ಹಿಂದಿನ ತುದಿ ಒತ್ತಿ ಹಿಡ್ಕೋ," ಅಂದರು. ನಾನು ಹಲಗೆಯ ನೇರಕ್ಕೆ ಬಾರದಂತೆ ಓರೆಯಾಗಿ ನಿಂತು ಒತ್ತಿ ಹಿಡಿದೆ. ಅವರ ನಡುಕ ಪಟ್ಟಿಯಲ್ಲಿ ಹರಿದು ನನ್ನ ಅಂಗೈಗೆ ತಾಗುತ್ತಿತ್ತು.

ತುದಿ ಹಿಡಿಗೆ ತಾಗಿತು, ಜಾರಿತು. ಮತ್ತೆ ತಾಗಿತು. ಆಗ ಕೆರೆಯುವ ಸದ್ದು ನಿಂತಿತು.

"ಬರ್ತಿದೆ," ಅಂದೆ ಖುಷಿಯಿಂದ.

ಅದು ಬಂದದ್ದು ನಮ್ಮ ಕಡೆಗಲ್ಲ. ಗಾಳಿಯಲ್ಲಿ ಓಲಾಡುವ ಪಟ್ಟಿಯ ತುದಿಯನ್ನು ಕಂಡು ಆಟಕ್ಕೆ ಕರೆದರೆಂದು ತಿಳಿದು, ಮೇಸ್ತ್ರಿ ಮಿಷನ್ನಿನ ಮೇಜಿಗೆ ಹಾರಿತು. ಬ್ಲೇಡಿನ ಪಕ್ಕದಲ್ಲೇ ಹಿಂಗಾಲೂರಿ ಕೂತು, ಪಟ್ಟಿಗೆ ಪಟಕ್ಕನೆ ಹೊಡೆಯಿತು. ತುದಿ ಹಿಡಿಯಿಂದ ದೂರ ಸರಿಯಿತು. ಅಕ್ಕ ಮತ್ತೆ ತಂದರು. ಮರಿ ಮತ್ತೆ ಹೊಡೆಯಿತು. ಬೀಳುವಂತಾಗಿ, ಮುಂಗಾಲನ್ನು ಬ್ಲೇಡಿನ ಹಲ್ಲಿನ ಮೇಲೆ ಊರಿ ಸಾವರಿಸಿಕೊಂಡಿತು.

ನಾನು ಒಂದು ಕ್ಷಣ ಕಣ್ಣು ಮುಚ್ಚಿಕೊಂಡೆ. ಅಕ್ಕ ಮುಚ್ಚಿಕೊಳ್ಳಲಿಲ್ಲ.

"ಹೊಡಿ," ಎಂದು ಪಿಸುಗುಟ್ಟಿದರು. "ಹೊಡಿ, ನನ್ನಪ್ಪಾ. ಇಷ್ಟು ಹೊತ್ತೂ ಕರೆಂಟು ಬಂದಿಲ್ಲ. ಇನ್ನೊಂದು ಸ್ವಲ್ಪ. ಇನ್ನೊಂದೇ ಒಂದು ಸ್ವಲ್ಪ." ಯಾರಿಗೆ ಹೇಳುತ್ತಿದ್ದರೋ. ಮರಿ ಹೊಡೆದಾಗ ತುದಿ ಮೇಲಕ್ಕೆ ನೆಗೆಯಿತು. ಅದು ಕೆಳಗಿಳಿಯುವಾಗ ಅಕ್ಕ ಪಟ್ಟಿಯ ಈಚಿನ ಭಾಗವನ್ನು ಮೈಬಲವನ್ನೆಲ್ಲ ಹಾಕಿ ಮೇಲೆತ್ತಿ, ತುದಿಯಿಂದ ಹಿಡಿಯನ್ನು ಕೆಳಗೊತ್ತಿದರು.

ಟಕ್.

ಅಕ್ಕ ಕೈ ಬಿಡಲಿಲ್ಲ. ಒತ್ತಿ ಹಿಡಿದೇ ನಿಂತಿದ್ದರು. ಮರಿ ಹಲಗೆಯ ಮೇಲೆ ನಡೆದು ಕಿಂಡಿ ದಾಟಿ ಬಂದು, ನೆಲಕ್ಕೆ ಹಾರಿ, ಬಾಲದ ಬಿಳಿ ತುದಿಯಲ್ಲಿ ಅಂಟಿದ್ದ ಹೊಟ್ಟನ್ನು ನೆಕ್ಕತೊಡಗಿತು. ಅದರ ಮೇಲೆ ಬುಟ್ಟಿ ಕವುಚಿದ್ದು ನಾನು. ಅಕ್ಕನ ಬೆರಳುಗಳನ್ನು ಒಂದೊಂದಾಗಿ ಪಟ್ಟಿಯಿಂದ ಬಿಡಿಸಬೇಕಾಯಿತು. ಅಂಗೈಯಲ್ಲಿ ಸಿಬಿರು ಚುಚ್ಚಿ ರಕ್ತ ಬಂದಿತ್ತು.

ಕರೆಂಟು ಬಂದಿರಲಿಲ್ಲ. ಭಾವ ಹಿಂದಿರುಗಿದಾಗಲೂ ಬಂದಿರಲಿಲ್ಲ. ಅವರು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು, ಏನೋ ಹಾಡು ಗುನುಗುತ್ತ ಶೆಡ್ಡಿನ ಒಳಬಾಗಿಲು ತೆಗೆದರು. ನಮ್ಮಿಬ್ಬರ ಮುಖ ನೋಡಿ ಹಾಡು ನಿಂತಿತು.

"ಏನಾಯ್ತು? ಯಾರು ಹೋದ್ರು?"

"ಹಿಡಿ ಇಳಿಸಿರಲಿಲ್ಲ ನೀವು," ಅಂದರು ಅಕ್ಕ.

"ಯಾರು ಹೇಳಿದ್ದು? ಇಳಿಸಿದ್ದೆ."

"ಇಳಿಸಿರಲಿಲ್ಲ. ಟಕ್ ಅನ್ನಲಿಲ್ಲ."

"ಗೋಡೆ ಆಚೆ ಅಡುಗೆಮನೆಯಲ್ಲಿ ಕೂತು ಅದು ನಿಂಗೆ ಹೇಗೆ ಗೊತ್ತು?"

"ದಿನಾ ಕೇಳ್ತೀನಿ. ನಿಮ್ಮನ್ನ ಮದುವೆ ಆದಾಗಿಂದ ಕೇಳ್ತಿದೀನಿ."

ಭಾವ ಬಾಯಿ ತೆರೆದರು. ತಮಾಷೆಯ ಮಾತೊಂದು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಅವರು ತಿರುಗಿ ಮಿಷನ್ನನ್ನು ನೋಡಿದರು. ಹಲಗೆ ಕಚ್ಚಿದ ಬ್ಲೇಡು, ಅಡ್ಡ ಬಿದ್ದ ಮರದ ಪಟ್ಟಿ. ಆಮೇಲೆ ಬಹಳ ನಿಧಾನವಾಗಿ ತಮ್ಮ ಎರಡೂ ಕೈಗಳನ್ನು ಎತ್ತಿ ನೋಡಿಕೊಂಡರು.

"ಹಲಗೆ ಬಿಡಿಸೋಕೆ ಅಂತ ಬ್ಲೇಡಿನ ಹತ್ರ ಕೈ ಇಟ್ಟು ಅಲ್ಲಾಡಿಸಿದ್ನಲ್ಲೇ ನಾನು," ಅಂದರು. ಹಲಗೆಯ ರಾಶಿಯ ಮೇಲೆ ಕೂತುಬಿಟ್ಟರು. "ಹಿಡಿ ಮೇಲಿತ್ತಾ ಆವಾಗ?"

ಅಕ್ಕ ಕುಡಿಯಲು ನೀರು ತಂದುಕೊಟ್ಟರು. ಅವರು ಕುಡಿಯುವವರೆಗೂ ಎದುರಿಗೆ ನಿಂತಿದ್ದು, ಲೋಟ ವಾಪಸು ತೆಗೆದುಕೊಂಡು ಹೇಳಿದರು: "ನಾಳೆಯಿಂದ ನಾನೂ ಒಳಗೆ ಬರ್ತೀನಿ."

"ಎಲ್ಲಿಗೆ?"

"ಶೆಡ್ಡಿಗೆ. ಹಲಗೆ ಆಚೆ ತುದಿ ಹಿಡ್ಕೋತೀನಿ."

"ನೀನಾ? ಹಲ್ಲಿ ಬಿದ್ರೆ ಮಂಚ ಹತ್ತೋಳು ನೀನು."

"ಹೆದರಿಕೊಂಡೇ ಬರ್ತೀನಿ. ಯಾವ ಕಡೆ ನಿಂತ್ರೂ ಹೆದರೋದು ತಪ್ಪಲ್ಲ ನಂಗೆ. ಗೋಡೆ ಆಚೆ ನಿಂತ್ರೆ ಏನೂ ಕಾಣೋದಿಲ್ಲ, ಅಷ್ಟೇ. ಇಲ್ಲಿ ನಿಂತ್ರೆ ಕಾಣುತ್ತೆ."

ಬಂದರು. ಮೊದಲ ದಿನ ಮಿಷನ್ ಓಡಿದಾಗ ಅವರ ತುಟಿ ಬಿಳಿಚಿ, ಕಣ್ಣಲ್ಲಿ ನೀರಿತ್ತು. ಹೊಟ್ಟಿನ ಧೂಳಿಗೆ ನೀರು ಬಂತು ಎಂದರು. ಭಾವ ಹಲಗೆಯನ್ನು ಎಂದಿಗಿಂತ ನಿಧಾನವಾಗಿ ತಳ್ಳುತ್ತಿದ್ದರು. ಮಿಷನ್ನಿನ ಹೊಟ್ಟೆಗೆ ಸುತ್ತಲೂ ಹಲಗೆ ಬಡಿದು ಮುಚ್ಚಿ, ಹೊಟ್ಟು ತೆಗೆಯಲು ಚಿಲಕದ ಬಾಗಿಲಿಟ್ಟರು. ಕೆಲಸ ಮುಗಿದ ಮೇಲೆ ಅಕ್ಕ ನೆಲದ ಮೇಲಿನ ಹೊಟ್ಟನ್ನು ಚೂರೂ ಬಿಡದೆ ಗುಡಿಸಿ ಮೂಟೆ ಕಟ್ಟುತ್ತಿದ್ದರು. ಪೆಟ್ಟಿಗೆಗೆ ಹಿಡಿ ಹಿಡಿ ಮರಳು ಸೇರುತ್ತ ಹೋಯಿತು. ಕೊನೆಗೊಂದು ದಿನ ಅದರಲ್ಲಿ ಬರೀ ಮರಳಿತ್ತು. ಮೇಸ್ತ್ರಿ ಬಂದು ಮೂಸಿ, ಸ್ವಲ್ಪ ಹೊತ್ತು ನಮ್ಮ ಮುಖ ನೋಡಿ, ಕೆರೆದು ಕೂತಿತು. ಅಕ್ಕ ಗೋಡೆ ಹಿಡಿದುಕೊಂಡು ಅತ್ತರು. ಮಿಷನ್ ಓಡುವ ಮೊದಲು ಮರಿಯನ್ನು ಬುಟ್ಟಿಗೆ ಹಾಕುವ ಕಟ್ಟಳೆಯನ್ನು ಮಾತ್ರ ಅವರು ಕೈಬಿಡಲಿಲ್ಲ.

ನನಗೆ ಬೇರೆ ಶಾಲೆಗೆ ವರ್ಗವಾಗಿ ಆ ಕೋಣೆ ಬಿಟ್ಟು ಬಹಳ ಕಾಲವಾಯಿತು. ಆಗಾಗ ಹೋಗಿ ಬರುತ್ತೇನೆ. ಬಡಗಿಯಕ್ಕ ಈಗ ಬೆಳಗಿನ ಅಡುಗೆ ಮುಗಿಸಿ, ಬೆಕ್ಕಿನ ಪೆಟ್ಟಿಗೆಯ ಮರಳು ಜರಡಿ ಹಿಡಿದಿಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಶೆಡ್ಡಿಗೆ ಹೋಗುತ್ತಾರೆ. ಮಿಷನ್ನಿನ ಆಚೆ ಬದಿಯಲ್ಲಿ ನಿಂತು, ಕೊಯ್ದು ಬಂದ ಹಲಗೆಗಳನ್ನು ಹಿಡಿದು ಇಳಿಸುತ್ತಾರೆ.